ಬೆನ್ನಿಗೆ ಬೆಟ್ಟ, ಎದುರಿಗೆ ನೀರು: ಫೆಂಗ್‌ಶುಯಿ ಓದುವ ನೆಲ

ಗಲ್ಲಾಪೆಟ್ಟಿಗೆಯ ಮೇಲೊಂದು ನಗುವ ಬುದ್ಧ, ಬಾಗಿಲಿನಲ್ಲಿ ಗಾಳಿಗೆ ಕಿಣಿಕಿಣಿಗುಟ್ಟುವ ಲೋಹದ ಕೊಳವೆಗಳು, ಬಾಯಲ್ಲಿ ನಾಣ್ಯ ಕಚ್ಚಿ ಕುಳಿತ ಮೂರು ಕಾಲಿನ ಕಪ್ಪೆ. ಫೆಂಗ್‌ಶುಯಿ ಎಂದೊಡನೆ ಇಲ್ಲಿನ ವರ್ತಕರ ಕಣ್ಮುಂದೆ ಬರುವುದು ಇಷ್ಟೇ. ಈ ಸರಕು ಭಾರತದ ಪೇಟೆಗಳಿಗೆ ಬಂದು ಎರಡು ದಶಕಗಳ ಮೇಲಾಯಿತು. ಮಾರಿದವರಿಗೆ ಲಾಭವಾಗಿರುವುದರಲ್ಲಿ ಸಂಶಯವಿಲ್ಲ. ಕೊಂಡವರ ಲೆಕ್ಕವನ್ನು ಅವರವರೇ ನೋಡಿಕೊಳ್ಳಬೇಕು. ಆದರೆ ಫೆಂಗ್‌ಶುಯಿಯ ಮೂಲ ಬೊಂಬೆಗಳಲ್ಲಿಲ್ಲ. ಚೀನೀ ಭಾಷೆಯಲ್ಲಿ 'ಫೆಂಗ್' ಎಂದರೆ ಗಾಳಿ, 'ಶುಯಿ' ಎಂದರೆ ನೀರು. ಮನೆಯೊಳಗೆ ಏನನ್ನು ಇಡಬೇಕೆಂಬುದಕ್ಕಿಂತ ಬಹು ಮೊದಲೇ ಆ ವಿದ್ಯೆ ಕೇಳಿದ್ದು, ಮನೆಯನ್ನು ಎಂತಹ ನೆಲದ ಮೇಲೆ ಇಡಬೇಕು ಎಂಬ ಪ್ರಶ್ನೆಯನ್ನು.

ಫೆಂಗ್‌ಶುಯಿಯಲ್ಲಿ ಎರಡು ಪ್ರಮುಖ ಪಂಥಗಳಿವೆ. ಒಂದು ದಿಕ್ಸೂಚಿಯನ್ನು ಹಿಡಿದು ದಿಕ್ಕು, ಕಾಲ, ಸಂಖ್ಯೆಗಳ ಲೆಕ್ಕ ಹಾಕುವಂಥದು. ಇದಕ್ಕೂ ಫುಜಿಯಾನ್ ಪ್ರಾಂತಕ್ಕೂ ನಂಟು. ಇನ್ನೊಂದು ಬೆಟ್ಟ, ಹೊಳೆ, ಇಳಿಜಾರುಗಳನ್ನು ಕಣ್ಣಿನಿಂದ ನೋಡಿ ನಿರ್ಣಯಿಸುವ ಭೂರೂಪ ಪಂಥ. ಇದರ ತವರು ಜಿಯಾಂಗ್ಶಿ ಪ್ರಾಂತವೆಂದೂ, ಇದನ್ನು ರೂಪಿಸಿದವನು ಟಾಂಗ್ ರಾಜಮನೆತನದ ಕಾಲದ ಯಾಂಗ್ ಯುನ್‌ಸಾಂಗ್ ಎಂದೂ ಪರಂಪರೆ ಹೇಳುತ್ತದೆ. ಕ್ರಿ.ಶ. 276ರಿಂದ 324ರವರೆಗೆ ಬದುಕಿದ್ದ ಗುವೊ ಪು ಎಂಬ ವಿದ್ವಾಂಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಗ್ರಂಥವೊಂದು ಈ ಪಂಥಕ್ಕೆ ಆಧಾರ. ಅದು ಸಮಾಧಿಗಳ ಸ್ಥಳನಿರ್ಣಯದ ಗ್ರಂಥವೇ ಹೊರತು ಮನೆಗಳದ್ದಲ್ಲ; ಮೃತರಿಗೆ ನೆಲ ಆರಿಸುವ ನಿಯಮಗಳೇ ಕ್ರಮೇಣ ಬದುಕಿರುವವರ ಊರುಕೇರಿಗಳಿಗೂ ಅನ್ವಯವಾದವು. ಅದರ ತಿರುಳು ಸರಳವಾದದ್ದು. ಭೂಮಿಯಲ್ಲಿ 'ಚೀ' ಎಂಬ ಪ್ರಾಣಶಕ್ತಿ ಹರಿಯುತ್ತದೆ, ಗಾಳಿ ಅದನ್ನು ಚದುರಿಸುತ್ತದೆ, ನೀರು ಅದನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಗಾಳಿಗೆ ಮರೆಯಾಗಿ ನೀರಿಗೆ ಸಮೀಪವಾಗಿರುವ ತಾಣವೇ ಉತ್ತಮ.

ಅಂತಹ ತಾಣದ ಚಿತ್ರವನ್ನು ಭೂರೂಪ ಪಂಥದವರು ಕೈಕುರ್ಚಿಗೆ ಹೋಲಿಸುತ್ತಾರೆ. ಬೆನ್ನಿಗೆ ಎತ್ತರವಾದ ಬೆಟ್ಟ. ಅದು ಕಪ್ಪು ಆಮೆ. ಮನೆಯಿಂದ ಹೊರಗೆ ನೋಡುವವನ ಎಡಕ್ಕೆ ಹಸಿರು ಡ್ರ್ಯಾಗನ್ ಎಂಬ ದಿಣ್ಣೆ, ಬಲಕ್ಕೆ ಅದಕ್ಕಿಂತ ತುಸು ತಗ್ಗಾದ ಬಿಳಿ ಹುಲಿ. ಎದುರಿಗೆ ಬಯಲು, ಬಯಲಿನಾಚೆ ನೀರು, ದೂರದಲ್ಲಿ ಕೆಂಪು ಹಕ್ಕಿ ಎಂದು ಕರೆಯಲಾಗುವ ಚಿಕ್ಕ ಗುಡ್ಡ. ಮನೆಯ ಮುಂದಿನ ಬಯಲಿಗೆ 'ಮಿಂಗ್‌ಟಾಂಗ್' ಎಂದು ಹೆಸರು. ಬೆಳಕಿನ ಅಂಗಳ ಎನ್ನಬಹುದು. ಅದು ಇಕ್ಕಟ್ಟಾಗಿದ್ದರೆ ಮನೆಯ ಏಳಿಗೆಯೂ ಇಕ್ಕಟ್ಟಾಗುತ್ತದೆ ಎಂಬುದು ನಂಬಿಕೆ. ಉತ್ತರ ಚೀನಾದ ಚಳಿಗಾಲದಲ್ಲಿ ಸೈಬೀರಿಯಾ ಕಡೆಯಿಂದ ಬೀಸುವ ಗಾಳಿಯನ್ನು ಬಲ್ಲವರಿಗೆ ಈ ಚಿತ್ರದ ಹಿಂದಿನ ವಿವೇಕ ಅರ್ಥವಾಗದೆ ಇರದು. ಉತ್ತರದ ಬೆಟ್ಟ ಗಾಳಿಯನ್ನು ತಡೆಯುತ್ತದೆ, ದಕ್ಷಿಣದ ಬಯಲು ಬಿಸಿಲನ್ನು ಬಿಡುತ್ತದೆ, ಹೊಳೆ ಗದ್ದೆಗೆ ನೀರು ಕೊಡುತ್ತದೆ, ಇಳಿಜಾರು ಮಳೆನೀರನ್ನು ಮನೆಯಿಂದ ಹೊರಗೆ ಸಾಗಿಸುತ್ತದೆ. ಬೀಜಿಂಗಿನ ಹಳೆಯ ಅಂಗಳದ ಮನೆಗಳಲ್ಲಿ ಮುಖ್ಯ ಕೋಣೆಗಳು ಉತ್ತರದ ಬದಿಯಲ್ಲಿದ್ದು ದಕ್ಷಿಣಕ್ಕೆ ಮುಖ ಮಾಡಿರುವುದೂ ಇದೇ ಕಾರಣದಿಂದ.

ಹೊಳೆಯ ಬಗೆಗಿನ ನಿಯಮ ಇನ್ನೂ ಸ್ವಾರಸ್ಯಕರ. ಹೊಳೆಯು ಬಳಸಿಕೊಂಡು ಹೋಗುವ ಒಳಬಾಗಿನ ದಂಡೆ ಶುಭ. ಅದು ಮನೆಗೆ ಸುತ್ತಿದ ಪಚ್ಚೆಯ ಸೊಂಟಪಟ್ಟಿ. ಹೊರಬಾಗಿನ ದಂಡೆ ಅಶುಭ. ಅದು ಮನೆಯತ್ತ ಹೆದೆಯೇರಿಸಿದ ಬಿಲ್ಲು. ಹರಿಯುವ ನೀರು ತಿರುವಿನ ಹೊರದಂಡೆಯನ್ನು ಕೊರೆಯುತ್ತದೆ, ಒಳದಂಡೆಯಲ್ಲಿ ಮೆಕ್ಕಲನ್ನು ಒಟ್ಟುತ್ತದೆ ಎಂದು ಭೂಗೋಳದ ಪಠ್ಯಪುಸ್ತಕವೂ ಹೇಳುತ್ತದೆ. ತಲೆಮಾರುಗಳ ಕಾಲ ಹೊಳೆದಂಡೆಯ ಮನೆಗಳು ಯಾವ ಕಡೆ ಕುಸಿದವು, ಯಾವ ಕಡೆ ಉಳಿದವು ಎಂದು ನೋಡಿದವರ ಅನುಭವ ಇಲ್ಲಿ ಶಕುನದ ಭಾಷೆಯಲ್ಲಿ ಬರೆದಿಟ್ಟಂತಿದೆ.

ಬೆಟ್ಟವೂ ಹೊಳೆಯೂ ಇಲ್ಲದ ನಗರದ ಬಡಾವಣೆಗಳಲ್ಲಿ ಏನು ಗತಿ? ಫೆಂಗ್‌ಶುಯಿ ಪಂಡಿತರು ಇದಕ್ಕೂ ಉತ್ತರ ಕಂಡುಕೊಂಡಿದ್ದಾರೆ. ಎತ್ತರದ ಕಟ್ಟಡಗಳನ್ನು ಬೆಟ್ಟವೆಂದೂ ರಸ್ತೆಗಳನ್ನು ಹೊಳೆಯೆಂದೂ ಭಾವಿಸಿ ಅದೇ ನಿಯಮಗಳನ್ನು ಓದುತ್ತಾರೆ. ರಸ್ತೆ ತಿರುವಿನ ಹೊರಬದಿಯ ಮನೆ ಬೇಡ; ನೇರ ರಸ್ತೆಯೊಂದು ಬಂದು ಎದೆಗೆ ನಾಟುವಂತೆ ಕೊನೆಗೊಳ್ಳುವ ಜಾಗದ ಮನೆ ಬೇಡ. ರಸ್ತೆಯ ಮಟ್ಟಕ್ಕಿಂತ ತಗ್ಗಾದ ನಿವೇಶನ, ಹಿತ್ತಲಿನ ಕಡೆ ನೆಲ ಕಡಿದಾಗಿ ಇಳಿಯುವ ನಿವೇಶನ ಇವೂ ಬೇಡ. ವೀಥಿಶೂಲ ಎಂಬ ಹೆಸರಿನಲ್ಲಿ ಇವುಗಳಲ್ಲಿ ಒಂದನ್ನು ಕನ್ನಡಿಗರೂ ಬಲ್ಲರು. ತಿರುವಿನ ಹೊರಬದಿಯ ಕಾಂಪೌಂಡು ಗೋಡೆಗೆ ಲಾರಿ ಬಂದು ಗುದ್ದುವುದಕ್ಕೆ ಅತೀಂದ್ರಿಯ ಕಾರಣ ಬೇಕಿಲ್ಲ. ತಗ್ಗಿನ ಮನೆಗೆ ಚರಂಡಿ ನೀರು ನುಗ್ಗುವುದಕ್ಕೂ ಬೇಕಿಲ್ಲ.

ಇಲ್ಲೊಂದು ತೊಡಕನ್ನು ಗಮನಿಸಬೇಕು. ವಾಸ್ತುಶಾಸ್ತ್ರವು ನೈಋತ್ಯ ಎತ್ತರವಾಗಿಯೂ ಈಶಾನ್ಯ ತಗ್ಗಾಗಿ ತೆರೆದೂ ಇರಬೇಕೆನ್ನುತ್ತದೆ. ಚೀನಾದ ಆದರ್ಶ ಚಿತ್ರದಲ್ಲಿ ಉತ್ತರ ಎತ್ತರ, ದಕ್ಷಿಣ ತೆರೆದ ಬಯಲು. ಇವೆರಡೂ ವಿಶ್ವನಿಯಮಗಳಾಗಿದ್ದರೆ ಒಂದಲ್ಲ ಒಂದು ಸುಳ್ಳಾಗಲೇಬೇಕು. ಎರಡೂ ಆಯಾ ದೇಶದ ಹವಾಮಾನವನ್ನು ನೋಡಿ ಹುಟ್ಟಿದ ರೂಢಿಗಳೆಂದು ಭಾವಿಸಿದರೆ ಜಗಳವೇ ಉಳಿಯದು. ಅಲ್ಲಿ ಕೆಡುಕಿನ ಗಾಳಿ ಬರುವುದು ಉತ್ತರದಿಂದ. ಭಾರತದಲ್ಲಿ ಮುಂಗಾರಿನ ಬಿರುಮಳೆ ಬರುವುದು ನೈಋತ್ಯದಿಂದ. ಬೆಂಗಳೂರಿನ ಮನೆಗೆ ಬೀಜಿಂಗಿನ ನಿಯಮವನ್ನು ತಂದು ಅಂಟಿಸುವವರೂ, ಒಂದೇ ಮನೆಗೆ ಎರಡೂ ಶಾಸ್ತ್ರದವರನ್ನು ಕರೆಸಿ ಎರಡು ಸಲ ಶುಲ್ಕ ತೆರುವವರೂ ಇದನ್ನು ಒಮ್ಮೆ ಆಲೋಚಿಸುವುದು ಒಳ್ಳೆಯದು.

ನೆಲದ ಈ ಓದಿಗೆ ಹಣದ ಬೆಲೆ ಎಷ್ಟೆಂಬುದನ್ನು ತಿಳಿಯಲು ಹಾಂಕಾಂಗಿಗಿಂತ ಉತ್ತಮ ನಿದರ್ಶನವಿಲ್ಲ. ಅಲ್ಲಿ ಫೆಂಗ್‌ಶುಯಿ ಸಲಹೆಗಾರರು ಚದರ ಅಡಿಯ ಲೆಕ್ಕದಲ್ಲಿ ಶುಲ್ಕ ಪಡೆಯುವುದುಂಟು. 1873ರಲ್ಲಿ ಅರ್ನ್ಸ್ಟ್ ಐಟೆಲ್ ಎಂಬ ಜರ್ಮನ್ ಪಾದ್ರಿ ಫೆಂಗ್‌ಶುಯಿಯ ಕುರಿತು ಬರೆದ ಪುಸ್ತಕದಲ್ಲಿ, ಹ್ಯಾಪಿ ವ್ಯಾಲಿಗೆ ರಸ್ತೆ ಮಾಡಲು ಸರ್ಕಾರ ಗುಡ್ಡವನ್ನು ಕಡಿದಾಗ ಅಲ್ಲಿನ ಚೀನೀಯರು ಎಷ್ಟು ಭಯಗೊಂಡರೆಂಬ ಪ್ರಸ್ತಾಪವಿದೆ. ಗುಡ್ಡ ಕಡಿಯುವುದೆಂದರೆ ಡ್ರ್ಯಾಗನ್ನಿನ ಅಂಗವನ್ನೇ ಕಡಿದಂತೆ. ಈ ಭಾವನೆ ಇನ್ನೂ ಆರಿಲ್ಲ. ಹಾಂಕಾಂಗಿನ ಉತ್ತರ ಭಾಗದ ನ್ಯೂ ಟೆರಿಟರೀಸ್ ಎಂಬ ಪ್ರದೇಶದಲ್ಲಿ ಸರ್ಕಾರಿ ಕಾಮಗಾರಿಯಿಂದ ಹಳ್ಳಿಯ ಫೆಂಗ್‌ಶುಯಿಗೆ ಭಂಗ ಬಂದಾಗ, ಹಳ್ಳಿಗರು ನಡೆಸುವ ಶಾಂತಿಕರ್ಮದ ವೆಚ್ಚಕ್ಕೆ ಸರ್ಕಾರವೇ ಭತ್ಯೆ ಕೊಡುವ ವ್ಯವಸ್ಥೆ ರೂಢಿಯಲ್ಲಿದೆ. ರಿಪಲ್ಸ್ ಬೇ ಕಡಲತೀರದಲ್ಲಿ ಬೆಟ್ಟಕ್ಕೆ ಬೆನ್ನು ಮಾಡಿ ನಿಂತ ವಸತಿ ಗೋಪುರವೊಂದರ ನಡುವೆ ದೊಡ್ಡದೊಂದು ಚೌಕಾಕಾರದ ರಂಧ್ರವಿದೆ. ಬೆಟ್ಟದ ಡ್ರ್ಯಾಗನ್ ಸಮುದ್ರಕ್ಕೆ ಇಳಿದುಹೋಗಲು ಬಿಟ್ಟ ದಾರಿ ಅದೆಂದು ಜನ ಹೇಳುತ್ತಾರೆ. ವಿನ್ಯಾಸಕಾರರ ಉದ್ದೇಶ ಏನೇ ಇದ್ದಿರಲಿ, ಆ ರಂಧ್ರದ ಜಾಗದಲ್ಲಿ ಎಷ್ಟು ಫ್ಲ್ಯಾಟುಗಳನ್ನು ಮಾರಬಹುದಿತ್ತೆಂದು ಯಾವ ವರ್ತಕನೂ ಮನಸ್ಸಿನಲ್ಲೇ ಗುಣಿಸಿ ನೋಡದೆ ಇರಲಾರ. 2005ರ ಸೆಪ್ಟೆಂಬರಿನಲ್ಲಿ ಅಲ್ಲಿ ತೆರೆದ ಡಿಸ್ನಿ ಉದ್ಯಾನದ ಮುಖ್ಯದ್ವಾರವನ್ನು ಫೆಂಗ್‌ಶುಯಿ ಸಲಹೆಯ ಮೇರೆಗೆ 12 ಡಿಗ್ರಿಯಷ್ಟು ತಿರುಗಿಸಲಾಯಿತೆಂಬುದೂ ಪ್ರಸಿದ್ಧ ಸಂಗತಿ.

ಇವುಗಳಲ್ಲಿ ಕೆಲವು ಗ್ರಾಹಕರ ಮನಸ್ಸನ್ನು ಗೆಲ್ಲುವ ವ್ಯಾಪಾರದ ಜಾಣ್ಮೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಹಾಂಕಾಂಗಿನ ಹಳ್ಳಿಗಳ ಹಿಂದಿನ ಫೆಂಗ್‌ಶುಯಿ ಕಾಡುಗಳ ಮಾತೇ ಬೇರೆ. ಹಳ್ಳಿಯ ಬೆನ್ನಿಗಿರುವ ಇಳಿಜಾರಿನಲ್ಲಿ ಅರ್ಧಚಂದ್ರಾಕಾರವಾಗಿ ಮರಗಳನ್ನು ಬೆಳೆಸಿ, ಕಡಿದರೆ ಊರಿಗೆ ಕೇಡೆಂದು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಇಂತಹ ನೂರಕ್ಕೂ ಹೆಚ್ಚು ಕಾಡುಗಳು ಅಲ್ಲಿ ಇಂದಿಗೂ ಇವೆ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಮರಗಳು ಚಳಿಗಾಳಿಯನ್ನು ತಡೆಯುತ್ತವೆ. ಕೊಡಗಿನ ದೇವರಕಾಡುಗಳನ್ನು ಕಂಡವರಿಗೆ ಈ ಭಯಭಕ್ತಿ ಅಪರಿಚಿತವಲ್ಲ. ಭೂರೂಪ ಪಂಥದ ನಿಜವಾದ ಸಾಧನೆ ಯಾವುದೆಂದು ಕೇಳಿದರೆ ಗೋಪುರದ ರಂಧ್ರಕ್ಕಿಂತ ಈ ಕಾಡುಗಳನ್ನೇ ತೋರಿಸಬೇಕು.

ಹಾಗೆಂದು ಪಂಡಿತರ ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ. ಹಾಂಕಾಂಗ್ ದ್ವೀಪದಲ್ಲಿ ವಿಕ್ಟೋರಿಯಾ ಶಿಖರದ ಮಗ್ಗುಲಿಗೆ ಮಿಡ್‌ಲೆವೆಲ್ಸ್ ಎಂಬ ಸಿರಿವಂತರ ವಸತಿ ಪ್ರದೇಶವಿದೆ. ಬೆನ್ನಿಗೆ ಬೆಟ್ಟ, ಎದುರಿಗೆ ಬಂದರಿನ ನೀರು. ಮುಖ ಉತ್ತರಕ್ಕಿದ್ದರೂ ಭೂರೂಪ ಪಂಥಕ್ಕೆ ಅಡ್ಡಿಯಿಲ್ಲ. ಅದಕ್ಕೆ ದಿಕ್ಸೂಚಿಯ ಮುಳ್ಳಿಗಿಂತ ನೆಲದ ಮುಂದು ಹಿಂದುಗಳೇ ಮುಖ್ಯ. 1972ರ ಜೂನ್ 16ರಿಂದ ಮೂರು ದಿನಗಳಲ್ಲಿ ನಗರದ ಮೇಲೆ ಸುಮಾರು 650 ಮಿಲಿಮೀಟರ್ ಮಳೆ ಸುರಿಯಿತು. 18ರ ರಾತ್ರಿ ಇದೇ ಪ್ರದೇಶದ ಪೊ ಶಾನ್ ರಸ್ತೆಯ ಬಳಿ ಇಳಿಜಾರು ಜಾರಿತು. ಅದರ ಹೊಡೆತಕ್ಕೆ 12 ಅಂತಸ್ತಿನ ವಸತಿ ಕಟ್ಟಡವೊಂದು ಬುಡಸಹಿತ ಉರುಳಿತು. 67 ಜನ ಸತ್ತರು. ಅದೇ ದಿನ ಮಧ್ಯಾಹ್ನ ಕೌಲೂನಿನ ಸೌ ಮೌ ಪಿಂಗ್‌ನಲ್ಲಿ, ರಸ್ತೆಗಾಗಿ ಮಣ್ಣು ತುಂಬಿ ಎತ್ತರಿಸಿದ್ದ ದಿಬ್ಬ ಬಡವರ ಗುಡಿಸಲುಗಳ ಮೇಲೆ ಕುಸಿದು 71 ಜನರನ್ನು ಬಲಿ ತೆಗೆದುಕೊಂಡಿತು. ಮೊದಲನೆಯದು ಪ್ರಕೃತಿಯೇ ಕೊಟ್ಟ ಬೆಟ್ಟ, ಎರಡನೆಯದು ಮನುಷ್ಯ ಒಟ್ಟಿದ ಮಣ್ಣು. ಹೊರಗಿನಿಂದ ನೋಡುವವನಿಗೆ ಎರಡೂ ಹಸಿರು ದಿಣ್ಣೆಗಳೇ. ಬೆಟ್ಟದ ಆಕಾರ ಆಮೆಯಂತಿದೆಯೋ ಹುಲಿಯಂತಿದೆಯೋ ಎಂದು ಹೇಳಬಲ್ಲ ಕಣ್ಣು, ಅದರೊಳಗಿನ ಮಣ್ಣು ನೀರು ಕುಡಿದಾಗ ಎಷ್ಟು ಹೊತ್ತು ನಿಂತೀತೆಂದು ಹೇಳಲಾರದು. 1976ರಲ್ಲಿ ಸೌ ಮೌ ಪಿಂಗ್‌ನಲ್ಲೇ ಮತ್ತೊಮ್ಮೆ ದಿಬ್ಬ ಕುಸಿದು 18 ಜನ ಸತ್ತ ಮೇಲೆ, 1977ರಲ್ಲಿ ಸರ್ಕಾರ ಇಳಿಜಾರುಗಳ ಮೇಲ್ವಿಚಾರಣೆಗೆಂದೇ ಪ್ರತ್ಯೇಕ ಎಂಜಿನಿಯರಿಂಗ್ ಕಚೇರಿಯನ್ನು ಸ್ಥಾಪಿಸಿತು.

ಸಣ್ಣ ಉದ್ದಿಮೆದಾರನಿಗೆ ಇದರಿಂದ ಆಗಬೇಕಾದದ್ದೇನು? ಅವನ ಜೀವಮಾನದ ಉಳಿತಾಯದಲ್ಲಿ ಬಹುಪಾಲು ಒಂದು ನಿವೇಶನಕ್ಕೋ ಒಂದು ಫ್ಲ್ಯಾಟಿಗೋ ಹೋಗುತ್ತದೆ. ಮುಂದೆ ಬ್ಯಾಂಕಿನ ಸಾಲಕ್ಕೆ ಅಡಮಾನವಾಗುವುದೂ ಅದೇ. ಆ ನೆಲ ನೀರಿನಲ್ಲಿ ಮುಳುಗಿದರೆ ಮನೆಯೊಂದೇ ಅಲ್ಲ, ವ್ಯಾಪಾರವೂ ಮುಳುಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬೆಲೆಬಾಳುವ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದ ದೃಶ್ಯವನ್ನು ಯಾರೂ ಮರೆತಿರಲಾರರು. ಆ ಮನೆಗಳಲ್ಲಿ ಬಾಗಿಲಿನ ದಿಕ್ಕು ನೋಡಿಸಿ ಕೊಂಡವು ಎಷ್ಟೋ ಇದ್ದಿರಬೇಕು. ಬಾಗಿಲು ಯಾವ ದಿಕ್ಕಿಗಿದ್ದರೂ ನೀರು ತಗ್ಗಿಗೇ ಹರಿಯುತ್ತದೆ. ಕೆರೆಯಿಂದ ಕೆರೆಗೆ ಹೋಗುತ್ತಿದ್ದ ರಾಜಕಾಲುವೆ ಎಲ್ಲಿತ್ತು, ನೆಲ ಯಾವ ಕಡೆ ಓರೆಯಾಗಿದೆ, ತುಂಬಿಸಿದ ಮಣ್ಣು ಎಷ್ಟು ಎಂದು ಕೇಳುವುದು ಭೂರೂಪ ಪಂಥದ ಹಳೆಯ ಪ್ರಶ್ನೆಗಳೇ. ಉತ್ತರ ಮಾತ್ರ ಗ್ರಾಮ ನಕಾಶೆಯಲ್ಲೂ ಎಂಜಿನಿಯರನ ಮಣ್ಣು ಪರೀಕ್ಷೆಯಲ್ಲೂ ಸಿಗುತ್ತದೆ. ಮಳೆಗಾಲದಲ್ಲಿ ಒಂದು ಸಂಜೆ ಜಾಗದ ಬಳಿ ನಿಂತು ನೋಡಿದರೆ ಕೆಲವು ಉತ್ತರಗಳು ಖರ್ಚಿಲ್ಲದೆಯೇ ಸಿಗುತ್ತವೆ.

ನಂಬಿಕೆಯುಳ್ಳವರು ನಂಬಿಕೆ ಬಿಡಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಹಾಂಕಾಂಗಿನವರೂ ಬಿಟ್ಟಿಲ್ಲ. ಆದರೆ ಅಲ್ಲಿ ಇಂದು ಮನುಷ್ಯನಿರ್ಮಿತ ಇಳಿಜಾರುಗಳು ಸುಮಾರು 60 ಸಾವಿರದಷ್ಟು ಸರ್ಕಾರದ ಪಟ್ಟಿಯಲ್ಲಿ ದಾಖಲಾಗಿವೆ. ಪ್ರತಿಯೊಂದಕ್ಕೂ ನೋಂದಣಿ ಸಂಖ್ಯೆಯಿದೆ; ರಸ್ತೆಬದಿಯ ತಡೆಗೋಡೆಗಳ ಮೇಲೆ ಆ ಸಂಖ್ಯೆಯ ಫಲಕಗಳು ಕಾಣಸಿಗುತ್ತವೆ. ಯಾವ ಇಳಿಜಾರಿನ ನಿರ್ವಹಣೆ ಯಾರ ಹೊಣೆ ಎಂದು ಯಾರು ಬೇಕಾದರೂ ನೋಡಿಕೊಳ್ಳಬಹುದು. ಅನೇಕ ಇಳಿಜಾರುಗಳ ಹೊಣೆ ಖಾಸಗಿ ಮಾಲೀಕರ ಮೇಲಿದೆ. ದುರಸ್ತಿಗೆ ಸರ್ಕಾರದ ಆದೇಶ ಬಂದರೆ ಅದರ ವೆಚ್ಚವನ್ನು ಫ್ಲ್ಯಾಟಿನ ಒಡೆಯರೆಲ್ಲ ಹಂಚಿಕೊಂಡು ತೆರಬೇಕಾಗುತ್ತದೆ. ಬೆನ್ನಿಗೆ ಬೆಟ್ಟವಿರುವ ಮನೆಯನ್ನು ಕೊಳ್ಳುವ ಹಾಂಕಾಂಗಿನ ವರ್ತಕ ಫೆಂಗ್‌ಶುಯಿ ಪಂಡಿತನನ್ನು ಕರೆತರುತ್ತಾನೆ. ಮುಂಗಡ ಕೊಡುವ ಮುನ್ನ ತನ್ನ ವಕೀಲನಿಂದ ಆ ಬೆಟ್ಟದ ಸಂಖ್ಯೆಯನ್ನೂ ಹುಡುಕಿಸುತ್ತಾನೆ.