ಎಡಗಾಲಿಗೆ ಪಾಠ ಹೇಳಿದ ಗೆಳೆಯ

ಮಕ್ಕಳೇ, ಕಳೆದ ಬುಧವಾರ ನಮ್ಮ ಮನೆಯ ಐದನೇ ಕ್ಲಾಸಿನ ಹುಡುಗಿ ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆ ಎಸೆದು, ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಳು. ಅವಲಕ್ಕಿ ಬೇಡ, ಹಾಲು ಬೇಡ. ವಿಚಾರಿಸಿದರೆ, ತನ್ನ ಜೀವದ ಗೆಳತಿಗೆ ಠೂ ಬಿಟ್ಟು ಬಂದಿದ್ದಾಳೆ. ಭಾಷಣ ಸ್ಪರ್ಧೆಗೆ ಇವಳು ಬಾಯಿಪಾಠ ಮಾಡಿದ್ದನ್ನು ಕೇಳಿ ಆ ಹುಡುಗಿ, "ನೀನು ರೈಲಿನ ಹಾಗೆ ಓಡ್ತೀಯ, ಒಂದು ಮಾತೂ ತಿಳಿಯಲ್ಲ" ಅಂದಳಂತೆ. ಉಳಿದವರೆಲ್ಲ "ಸೂಪರ್" ಅಂದಿದ್ದರಂತೆ.

"ಅವಳು ನಿಜವಾದ ಫ್ರೆಂಡ್ ಆಗಿದ್ದರೆ ಹಾಗೆ ಹೇಳ್ತಿದ್ದಳಾ, ಅಜ್ಜ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಏಕೆಂದರೆ ನಾನೂ ಒಮ್ಮೆ ಠೂ ಬಿಟ್ಟವನೇ. ಆಗ ನನಗೆ ಐದನೇ ಕ್ಲಾಸಿನ ವಯಸ್ಸಲ್ಲ, 35 ವರ್ಷ. ಎರಡು ಮಕ್ಕಳ ತಂದೆ, ಬ್ಯಾಂಕಿನ ಗುಮಾಸ್ತ. ಅವಳಿಗೆ ಹೇಳಿದ ಆ ಕಥೆಯನ್ನು ನಿಮಗೂ ಹೇಳುತ್ತೇನೆ.

1986ರಲ್ಲಿ ನಾನೊಂದು ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಕೊಂಡೆ. ಹೆಸರು ಪದ್ಮಿನಿಯಾದರೂ ನಾವೆಲ್ಲ ಅದನ್ನು ಕರೆಯುತ್ತಿದ್ದುದು ಫಿಯೆಟ್ ಎಂದೇ. ಅದರ ಗೇರಿನ ಕೋಲು ಈಗಿನ ಹಾಗೆ ಸೀಟಿನ ಪಕ್ಕದಲ್ಲಿರಲಿಲ್ಲ, ಸ್ಟಿಯರಿಂಗ್ ಚಕ್ರದ ಕೆಳಗೇ ಇತ್ತು. ಕಾರು ಬಂತು, ಓಡಿಸಲು ಬರುವುದಿಲ್ಲ. ಆಗ ನೆನಪಾದವನು ನನ್ನ ಪ್ರೈಮರಿ ಶಾಲೆಯ ಗೆಳೆಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಕ್ಲೀನರ್ ಆಗಿದ್ದವನು, ಆ ಹೊತ್ತಿಗೆ ಶಿರಾಡಿ ಘಾಟಿಯಲ್ಲಿ ರಾತ್ರಿ ಹಗಲು ಲಾರಿ ಹತ್ತಿಸಿ ಇಳಿಸುವ ಡ್ರೈವರ್. ಟ್ರಿಪ್ ಇಲ್ಲದ ಭಾನುವಾರಗಳಲ್ಲಿ ಅವನೇ ನನ್ನ ಮೇಷ್ಟ್ರು.

ಮೊದಲ ಭಾನುವಾರ ಸಂತೆ ಮೈದಾನದಲ್ಲಿ ಅವನು ನನಗೆ ಸ್ಟಿಯರಿಂಗ್ ತಿರುಗಿಸಲೂ ಬಿಡಲಿಲ್ಲ. "ಮಾರಾಯ, ಮೊದಲು ನಿನ್ನ ಎಡಗಾಲಿಗೆ ಬುದ್ಧಿ ಬರಲಿ" ಅಂದ.

ಎಡಗಾಲಿನ ಕೆಳಗಿರುವುದು ಕ್ಲಚ್. ಅದರ ಕೆಲಸ ನಿಮಗೆ ಗೊತ್ತೇ? ಎರಡು ಅಂಗೈಗಳನ್ನು ಎದುರುಬದುರು ಹಿಡಿಯಿರಿ. ಒಂದು ಇಂಜಿನ್ನಿನ ಕಡೆಯ ತಟ್ಟೆ, ಅದು ಸದಾ ತಿರುಗುತ್ತಿರುತ್ತದೆ. ಇನ್ನೊಂದು ಗೇರ್‌ಬಾಕ್ಸಿನ ಕಡೆಯ ತಟ್ಟೆ, ಅದರ ಹಿಂದೆ ಚಕ್ರಗಳಿವೆ. ಪೆಡಲ್ ಒತ್ತಿದರೆ ತಟ್ಟೆಗಳು ಬೇರೆಯಾಗುತ್ತವೆ, ಬಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಂತ ಕಾರಿನಲ್ಲಿ ಫಕ್ಕನೆ ಬಿಟ್ಟರೆ ಕಾರು ಕಪ್ಪೆಯ ಹಾಗೆ ಒಮ್ಮೆ ಹಾರಿ ಇಂಜಿನ್ ನಿಂತೇಹೋಗುತ್ತದೆ. ನಿಧಾನ ಬಿಡುತ್ತ ಬಂದರೆ ಒಂದು ಕಡೆ ತಟ್ಟೆಗಳು ಉಜ್ಜಿಕೊಂಡು ಮೆಲ್ಲಗೆ ಹಿಡಿಯತೊಡಗುತ್ತವೆ. ಡ್ರೈವರ್‌ಗಳು ಇದನ್ನು ಹಾಫ್ ಕ್ಲಚ್ ಅನ್ನುತ್ತಾರೆ. ಆ ಜಾಗವನ್ನು ಕಣ್ಣಿನಿಂದ ನೋಡಲಾಗದು. ಇಂಜಿನ್ನಿನ ಸದ್ದು ಸ್ವಲ್ಪ ಕುಗ್ಗುತ್ತದೆ, ಪಾದಕ್ಕೆ ಸಣ್ಣ ನಡುಕ ಬರುತ್ತದೆ. ಅಷ್ಟೇ ಗುರುತು. ಹಾಗಂತ ಕಾಲನ್ನು ಅಲ್ಲೇ ಇಟ್ಟುಕೊಂಡು ಹೋದರೆ ತಟ್ಟೆ ಸವೆದು, ಸುಟ್ಟ ವಾಸನೆ ಬಂದು, ಮೆಕ್ಯಾನಿಕ್‌ಗೆ ಹಬ್ಬವಾಗುತ್ತದೆ.

ಎರಡನೇ ಪಾಠ ಕರಟದ್ದು. ಏರಿನಲ್ಲಿ ಕಾರು ನಿಲ್ಲಿಸಿಸಿ, ಹಿಂದಿನ ಚಕ್ರಕ್ಕೆ ತಾಗುವಂತೆ ಒಂದು ತೆಂಗಿನ ಕರಟ ಇಡುತ್ತಿದ್ದ. ಕಾರು ಒಂದಿಷ್ಟೂ ಹಿಂದೆ ಜಾರದೆ ಮುಂದೆ ಹೋಗಬೇಕು. ಹ್ಯಾಂಡ್‌ಬ್ರೇಕ್ ಎಳೆದುಕೊಂಡು, ಕ್ಲಚ್ ಹಿಡಿಯುವ ಜಾಗಕ್ಕೆ ಕಾಲು ತಂದು, ಬೇಕಷ್ಟು ಆಕ್ಸಿಲರೇಟರ್ ಕೊಟ್ಟು, ಕಾರು ಮುಂದಕ್ಕೆ ತುಯ್ಯುವಾಗ ಹ್ಯಾಂಡ್‌ಬ್ರೇಕ್ ಬಿಡಬೇಕು. ತಪ್ಪಿದರೆ ಹಿಂದಿನಿಂದ "ಫಟ್". ಆ ತಿಂಗಳು ನಮ್ಮ ಮನೆಯ ಬಚ್ಚಲ ಒಲೆಗೆ ಕರಟದ ಚೂರುಗಳದೇ ಉರುವಲು.

ಅವನ ಲಾರಿಯಲ್ಲೂ ಒಂದೆರಡು ಸಲ ಕೂತಿದ್ದೆ. ಹಳೆಯ ಲಾರಿಗಳಲ್ಲಿ ಕೆಳಗಿನ ಗೇರಿಗೆ ಬರುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕಿತ್ತು. ಇದು ಡಬಲ್ ಕ್ಲಚ್. ಒಳಗಿನ ಹಲ್ಲುಚಕ್ರಗಳು ಒಂದೇ ವೇಗಕ್ಕೆ ಬಂದರೆ ಮಾತ್ರ ಒಂದರೊಳಗೊಂದು ಕೂರುತ್ತವೆ, ಇಲ್ಲದಿದ್ದರೆ ಕರಕರ ಎಂದು ಹಲ್ಲು ಕಡಿಯುತ್ತವೆ. ಆ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ಎಂಬ ಏರ್ಪಾಡನ್ನು ಅಮೆರಿಕದ ಕ್ಯಾಡಿಲಾಕ್ ಕಂಪನಿ 1928ರಲ್ಲೇ ತನ್ನ ಕಾರುಗಳಿಗೆ ತಂದಿತ್ತು. ನನ್ನ ಗೆಳೆಯನ ಲಾರಿಗೆ ಮಾತ್ರ ಅವನ ಕಿವಿಯೇ ಸಿಂಕ್ರೊಮೆಶ್. ಮಾತಾಡುತ್ತ, ಎಲೆಅಡಿಕೆ ಮೆಲ್ಲುತ್ತ, ಬೆಣ್ಣೆಯಲ್ಲಿ ಚಾಕು ಹಾಕಿದಂತೆ ಗೇರು ಹಾಕುತ್ತಿದ್ದ.

ಇಷ್ಟು ಕಲಿತ ಮೇಲೆ ಲೈಸೆನ್ಸೂ ಬಂತು. ಲೈಸೆನ್ಸಿನ ಜೊತೆಗೆ ಕೊಂಬೂ ಬಂತು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ದಿನಾ ನನ್ನ ಕಾರಿನಲ್ಲೇ ಮನೆಗೆ ಹೋಗುತ್ತಿದ್ದರು. "ನಿಮ್ಮ ಹಾಗೆ ಓಡಿಸುವವರು ಊರಲ್ಲೇ ಇಲ್ಲ ಬಿಡಿ" ಎಂದು ದಿನಾ ಹೇಳುತ್ತಿದ್ದರು. ನನಗೆ ಹಿತವಾಗುತ್ತಿತ್ತು. ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರು ಸಿಕ್ಕಲ್ಲೆಲ್ಲ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವುದನ್ನೂ ಅವರಿಂದಲೇ ಕಲಿತೆ.

ಆ ವರ್ಷದ ಕೊನೆಯಲ್ಲಿ ಉಡುಪಿಯಲ್ಲಿ ಒಂದು ಮದುವೆ. ಹೆಂಡತಿ, ಇಬ್ಬರು ಮಕ್ಕಳು ಮತ್ತು ಅಮ್ಮನನ್ನು ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಹೋಗುವುದೆಂದು ಮಾಡಿದೆ. ಹಿಂದಿನ ದಿನ ಮನೆತುಂಬ ನೆಂಟರು. ಗೆಳೆಯ ಬಂದವನು ಎಲ್ಲರೆದುರಿಗೇ ಹೇಳಿಬಿಟ್ಟ. "ನೀನು ಇನ್ನೂ ಘಾಟಿ ಇಳಿಸಬೇಡ ಮಾರಾಯ. ಮೊನ್ನೆ ನೋಡಿದೆ, ಇಳಿಜಾರಿನಲ್ಲಿ ಕಾರನ್ನು ನ್ಯೂಟ್ರಲ್‌ಗೆ ಬಿಡ್ತೀಯ. ಬ್ರೇಕ್ ಮೇಲೆ ನಿಂತುಕೊಂಡೇ ಬರ್ತೀಯ. ನಾಡಿದ್ದು ಟ್ರಿಪ್ ಮುಗಿಸಿ ಬರ್ತೇನೆ, ಪಕ್ಕದಲ್ಲಿ ಕೂತು ಒಮ್ಮೆ ಇಳಿಸಿ ತೋರಿಸ್ತೇನೆ. ಮದುವೆಗೆ ಬಸ್ಸಲ್ಲಿ ಹೋಗಿ."

ನನ್ನ ಭಾವ ಕಿಸಕ್ಕನೆ ನಕ್ಕರು. ನನಗೆ ಕಿವಿಯವರೆಗೂ ಬಿಸಿಯಾಯಿತು. "ಲಾರಿ ಓಡಿಸುವವನಿಗೆ ಕಾರಿನ ವಿಷಯ ಏನು ಗೊತ್ತು?" ಅಂದುಬಿಟ್ಟೆ. ನಲವತ್ತು ವರ್ಷವಾಗುತ್ತ ಬಂತು, ಆ ಮಾತು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಅವನು ಕಾಫಿ ಲೋಟ ಕೆಳಗಿಟ್ಟು, ಅಮ್ಮನಿಗೆ "ಬರ್ತೇನೆ" ಎಂದು ಹೇಳಿ ಹೊರಟುಹೋದ.

ಮಾರನೇ ದಿನ ನಾವು ಹೊರಟೆವು. ಆಗುಂಬೆ ನೋಡದವರಿಗೆ ಹೇಳುತ್ತೇನೆ: ಮೇಲೆ ಸೂರ್ಯಾಸ್ತ ನೋಡುವ ಜಾಗ ದಾಟಿದ ಕೂಡಲೇ ರಸ್ತೆ ಕೆಳಗೆ ಬೀಳುತ್ತದೆ. ಕೆಳಗಿನ ಸೋಮೇಶ್ವರಕ್ಕೆ ಮುಟ್ಟುವುದರೊಳಗೆ ಹೇರ್‌ಪಿನ್ನಿನ ಹಾಗೆ ಮಡಚಿದ 14 ತಿರುವುಗಳು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಾಡು ತುಂಬಿದ ಕಂದರ.

ನಾಲ್ಕೈದು ತಿರುವು ಚೆನ್ನಾಗಿಯೇ ಇಳಿದೆ, ನ್ಯೂಟ್ರಲ್‌ನಲ್ಲಿ, ಬ್ರೇಕ್ ಒತ್ತಿಕೊಂಡೇ. ಮೊದಲು ವಾಸನೆ ಬಂತು. "ಏನೋ ಸುಟ್ಟ ಹಾಗಿದೆ" ಅಂದಳು ಮಗಳು. ಆಮೇಲೆ ಬ್ರೇಕ್ ಪೆಡಲ್ ಒತ್ತಿದಷ್ಟೂ ಒಳಗೆ ಹೋಗತೊಡಗಿತು, ಕಾರಿನ ವೇಗ ತಗ್ಗಲಿಲ್ಲ. ನಮ್ಮ ಕಾರಿನಲ್ಲಿದ್ದುದು ಡ್ರಮ್ ಬ್ರೇಕು. ಬಿಡದೆ ಒತ್ತುತ್ತಿದ್ದರೆ ಡ್ರಮ್ ಕಾದು ಹಿಗ್ಗುತ್ತದೆ, ಒಳಗಿನ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ತಿಳಿದದ್ದು ಮುಂದಿನ ತಿರುವು ಹತ್ತಿರ ಬರುತ್ತಿದೆ ಎಂಬುದೊಂದೇ.

ಆಗ ಕಿವಿಯಲ್ಲಿ ಅವನ ದನಿ. ಸಂತೆ ಮೈದಾನದಲ್ಲಿ ನೂರು ಸಲ ಹೇಳಿದ್ದ ಮಾತು: "ಹತ್ತುವಾಗ ಯಾವ ಗೇರೋ, ಇಳಿಯುವಾಗಲೂ ಅದೇ ಗೇರು." ಕ್ಲಚ್ ಒತ್ತಿ ಹೇಗೋ ಎರಡನೇ ಗೇರಿಗೆ ತಳ್ಳಿದೆ. ಕರಕರ ಎಂದಿತು, ಕೂತಿತು. ಕ್ಲಚ್ ಬಿಟ್ಟೆ. ಇಂಜಿನ್ ಕಿರುಚಿಕೊಂಡಿತು, ಆದರೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಕಾರು ತಡೆಯಿತು. ಗೇರಿನಲ್ಲಿದ್ದರೆ ಇಳಿಯುವ ಚಕ್ರಗಳೇ ಇಂಜಿನ್ನನ್ನು ತಿರುಗಿಸಬೇಕು. ಅದು ಸುಲಭಕ್ಕೆ ತಿರುಗಿಕೊಡುವುದಿಲ್ಲ. ಗೇರು ಕೆಳಗಿನದಾದಷ್ಟೂ ತಡೆ ಹೆಚ್ಚು. ಹ್ಯಾಂಡ್‌ಬ್ರೇಕ್ ಎಳೆಯುತ್ತ, ಗುಡ್ಡದ ಬದಿಯ ಚರಂಡಿಗೆ ಎರಡು ಚಕ್ರ ಇಳಿಸಿ ನಿಲ್ಲಿಸಿದೆ. ಮುಂದಿನ ಬಂಪರ್ ಸೊಟ್ಟಗಾಯಿತು, ಅಷ್ಟೇ.

ಯಾರೂ ಮಾತಾಡಲಿಲ್ಲ. ಅಮ್ಮ ಸಣ್ಣವನನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ಹೇಳಿದ್ದು ಇಷ್ಟೇ: "ಅವನು ಕಾಫಿ ಪೂರ್ತಿ ಕುಡಿಯದೆ ಹೋದ."

ಚಕ್ರಗಳು ತಣ್ಣಗಾಗುವವರೆಗೆ ಕಾದು, ಒಂದು ಜೀಪಿನವರ ಕೈಯಲ್ಲಿ ಚರಂಡಿಯಿಂದ ಎಳೆಸಿ, ಉಳಿದ ತಿರುವುಗಳನ್ನು ಮೊದಲನೇ ಗೇರಿನಲ್ಲಿ ಎತ್ತಿನ ಗಾಡಿಯ ಹಾಗೆ ಇಳಿದೆವು. ಮದುವೆಯಲ್ಲಿ ಏನು ಊಟವಿತ್ತೋ ನೆನಪಿಲ್ಲ.

ಊರಿಗೆ ಮರಳಿ ನಾಲ್ಕು ದಿನ ಅವನ ಮನೆಯ ಕಡೆ ಹೋಗಲು ಧೈರ್ಯ ಬರಲಿಲ್ಲ. ಐದನೇ ದಿನ ಹೋದೆ. ಅಂಗಳದಲ್ಲಿ ಲಾರಿಯ ಹಗ್ಗ ಸುತ್ತುತ್ತಿದ್ದ. ಕ್ಷಮಿಸು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ, "ಎಷ್ಟನೇ ಗೇರಲ್ಲಿ ಇಳಿಸಿದೆ?" ಘಾಟಿಯ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಡ್ರೈವರ್‌ಗಳ ನಡುವೆ ಸುದ್ದಿ ಓಡುವ ವೇಗಕ್ಕೆ ಯಾವ ಗೇರೂ ಸಾಲದು.

ಮುಂದಿನ ಭಾನುವಾರ ಬೆಳಗ್ಗೆ ಇಬ್ಬರೇ ಘಾಟಿಗೆ ಹೋದೆವು. ಇಳಿದೆವು, ಹತ್ತಿದೆವು. ಹತ್ತುವಾಗ ಒಂದು ತಿರುವಿನಲ್ಲಿ ಎದುರಿಗೆ ಮಿನಿ ಬಸ್ಸು. ಕಿರಿದಾದ ಏರುರಸ್ತೆಯಲ್ಲಿ ಹತ್ತುವ ಗಾಡಿಗೇ ಮೊದಲು ದಾರಿ ಬಿಡಬೇಕೆಂಬುದು ನಿಯಮ. ಆದರೆ ಆ ಬಸ್ಸು ಆಗಲೇ ತಿರುವಿನ ನಡುವೆ ಬಂದಾಗಿತ್ತು. ಕಡಿದಾದ ಏರಿನಲ್ಲಿ ನಾನು ನಿಲ್ಲಲೇಬೇಕಾಯಿತು. ಹಿಂದೆ ಇನ್ನೊಂದು ಕಾರು, ಅದರ ಹಿಂದೆ ಕಂದರ. ಗೆಳೆಯನ ಕಡೆ ನೋಡಿದೆ. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಸೀಟಿನ ಮೇಲೆ ಕಾಲು ಮಡಚಿ, ಕಿಟಕಿಯ ಆಚೆ ಮಂಗಗಳನ್ನು ನೋಡುತ್ತ ಕೂತಿದ್ದ! ನಾನು ಹಿಂದೆ ಜಾರಿದರೆ ಅವನೂ ಜಾರುತ್ತಾನೆ. ಆದರೂ ಕೈ ಹೊರಗೆ ಬರಲಿಲ್ಲ, ಬಾಯಿ ತೆರೆಯಲಿಲ್ಲ. ಇಂಜಿನ್ನಿನ ಸದ್ದು ಕುಗ್ಗಿತು, ಪಾದಕ್ಕೆ ನಡುಕ ಬಂತು, ಹ್ಯಾಂಡ್‌ಬ್ರೇಕ್ ಬಿಟ್ಟೆ. ಹಿಂದೆ ಕರಟವಿದ್ದಿದ್ದರೆ ಅದು ಒಡೆಯುತ್ತಿರಲಿಲ್ಲ.

ಈಗ ಅವನಿಗೂ ನನ್ನಷ್ಟೇ ವಯಸ್ಸು. ಕಣ್ಣಿನ ಆಪರೇಷನ್ ಆದ ಮೇಲೆ ಗಾಡಿ ಮುಟ್ಟುವುದಿಲ್ಲ. ನನ್ನ ಮಗ ಕ್ಲಚ್ಚೇ ಇಲ್ಲದ ಹೊಸ ಕಾರು ತಂದಾಗ ಅವನನ್ನೂ ಕೂರಿಸಿಕೊಂಡು ಒಂದು ಸುತ್ತು ಹೋದೆವು. ಮುಂದಿನ ಸೀಟಿನಲ್ಲಿ ಕೂತಿದ್ದ ಅವನ ಎಡಗಾಲು ಪ್ರತಿ ತಿರುವಿನಲ್ಲೂ ತಾನಾಗಿ ಏನನ್ನೋ ಒತ್ತುತ್ತಿತ್ತು. ಹಿಂದೆ ಕೂತ ನನ್ನದೂ ಹಾಗೇ.

ಕಥೆ ಮುಗಿದ ಮೇಲೆ ನಮ್ಮ ಹುಡುಗಿ ಏನೂ ಹೇಳಲಿಲ್ಲ, ಅವಲಕ್ಕಿಯ ಬಟ್ಟಲು ಎಳೆದುಕೊಂಡಳು. ರಾತ್ರಿ ಅವಳಮ್ಮನ ಫೋನ್ ಹಿಡಿದು ಒಳಕೋಣೆಯಲ್ಲಿ ಭಾಷಣ ಒಪ್ಪಿಸುವುದು ಕೇಳಿಸಿತು. ಒಮ್ಮೆ ಮುಗಿಸಿ, ಆಚೆಯ ಮಾತಿಗೆ ಕಿವಿಗೊಟ್ಟು, "ಇನ್ನೂ ಸ್ಪೀಡಾ?" ಎಂದು ಕೇಳಿ, ಮತ್ತೆ ಮೊದಲಿನಿಂದ ಶುರುಮಾಡಿದಳು.