ಪಟ್ಟಿ ಅಂಗಳದಲ್ಲೇ ಬದಲಾಗಲಿ, ಬೋಲ್ಟು ಹೊಸದಿರಲಿ

ಮಲೆನಾಡಿನ ತೋಟದ ಮನೆಗಳ ಶೆಡ್ಡಿನಲ್ಲಿ ಹಳೆಯ ಜೀಪು, ಜಿಪ್ಸಿಗಳು ಇನ್ನೂ ದುಡಿಯುತ್ತಿರುವುದಕ್ಕೆ ಒಂದು ಕಾರಣ, ಅವುಗಳ ಬಹುಪಾಲು ರಿಪೇರಿ ಮನೆಯವರ ಕೈಗೆ ಎಟುಕುವಂಥದ್ದು. ಕಮಾನು ಪಟ್ಟಿಯೂ ಹಾಗೆಯೇ. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ನಾಲ್ಕೂ ಚಕ್ರಕ್ಕೆ ಪಟ್ಟಿ. ಓಮ್ನಿ, ಬೊಲೆರೊಗಳಿಗೆ ಹಿಂದೆ ಮಾತ್ರ. ಒಳ್ಳೆಯ ಜಾಕು, ಚಾಸಿಗೆ ಆಸರೆ ಕೊಡುವ ಗಟ್ಟಿ ಸ್ಟ್ಯಾಂಡು, ಉದ್ದ ಹಿಡಿಯ ಪಾನಾ, ಜೊತೆಗೊಬ್ಬರು ಇದ್ದರೆ ಗ್ಯಾರೇಜಿನ ಸರದಿಗೆ ಕಾಯಬೇಕಿಲ್ಲ. ಬರೀ ಜಾಕನ್ನೋ ಸಿಮೆಂಟ್ ಇಟ್ಟಿಗೆಯನ್ನೋ ನಂಬಿ ಗಾಡಿಯಡಿ ತೂರುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ತುಕ್ಕು ಹಿಡಿದ ಶ್ಯಾಕಲ್ ಬೋಲ್ಟು ಬಿಚ್ಚುವಾಗ ಬೆವರಿಳಿಯುವುದು ನಿಜ. ಕೆಲಸ ಕೆಡುವುದು ಮಾತ್ರ ಬಿಗಿಯುವ ಹೊತ್ತಿಗೆ.

ಪಟ್ಟಿಯ ಒಂದು ತುದಿ ಚಾಸಿಗೆ ಭದ್ರವಾಗಿರುತ್ತದೆ, ಇನ್ನೊಂದು ಶ್ಯಾಕಲ್‌ನಲ್ಲಿ ತೂಗುತ್ತದೆ. ಭಾರ ಬಿದ್ದು ಕಮಾನು ಚಪ್ಪಟೆಯಾದಾಗ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಅದಕ್ಕೆ ಜಾಗ ಬಿಡುವುದೇ ಶ್ಯಾಕಲ್. ತುದಿಯ ಕಣ್ಣಿನೊಳಗೆ ರಬ್ಬರ್ ಬುಶ್ ಕೂತಿರುತ್ತದೆ. ಗಾಡಿ ಮೇಲೆತ್ತಿ ಪಟ್ಟಿ ಜೋತುಬಿದ್ದಿರುವಾಗಲೇ ಬೋಲ್ಟು ಪೂರ್ತಿ ಬಿಗಿದರೆ ಬುಶ್ ಅದೇ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚಕ್ರ ನೆಲಕ್ಕಿಳಿದ ಮೇಲೆ ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ. ಆಮೇಲೆ ಬೈಗುಳ ತಿನ್ನುವುದು ಬುಶ್ ಮಾರಿದ ಅಂಗಡಿಯವ! ನಟ್ಟನ್ನು ಕೈಬಿಗಿಯಷ್ಟು ಕೂರಿಸಿ, ಗಾಡಿ ಇಳಿಸಿ, ನಾಲ್ಕಾರು ಸಲ ಒತ್ತಿ ಅಲುಗಿಸಿ, ಆನಂತರ ಬಿಗಿಯುವುದು ಸರಿಯಾದ ಕ್ರಮ.

ಜಿಪುಣತನ ಹೆಚ್ಚು ಕಾಣುವುದು ಯು ಬೋಲ್ಟಿನಲ್ಲಿ. ಆಕ್ಸಲನ್ನು ಪಟ್ಟಿಗೆ ಅವುಚಿ ಹಿಡಿಯುವ ಈ ಬೋಲ್ಟು ಬಿಗಿದಾಗ ತುಸು ಹಿಗ್ಗುತ್ತದೆ. ಒಮ್ಮೆ ಬಿಚ್ಚಿದ್ದನ್ನೇ ಮತ್ತೆ ಹಾಕಿದರೆ ಮೊದಲಿನ ಹಿಡಿತಕ್ಕೆ ಖಾತ್ರಿಯಿಲ್ಲ. ಅದು ಸಡಿಲಗೊಂಡರೆ ಎಳೆತವೆಲ್ಲ ನಡುವಿನ ಸಣ್ಣ ಸೆಂಟರ್ ಬೋಲ್ಟಿನ ಮೇಲೆ. ಅದೂ ತುಂಡಾದರೆ ಆಕ್ಸಲ್ ಜಾರಿ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಘಾಟಿಯ ತಿರುವಿನಲ್ಲಿ ಹಾಗಾದರೆ ಉಳಿಸಿದ ದುಡ್ಡಿಗೆ ಏನು ಬೆಲೆ?

ಮುರಿದ ಪಟ್ಟಿಗೆ ವೆಲ್ಡಿಂಗ್ ಹಾಕಿಸುವವರೂ ಇದ್ದಾರೆ. ಹಳೆಯ ಪಟ್ಟಿಯನ್ನು ಕಾಯಿಸಿ, ಬಡಿದು ಕತ್ತಿ ಮಾಡುವ ಊರ ಕಮ್ಮಾರನನ್ನು ಕೇಳಿದರೆ ಸಾಕು, ಕಾವು ತಾಗಿದಲ್ಲಿ ಉಕ್ಕಿನ ಹದ ಕೆಡುತ್ತದೆಂದು ಆತ ಹೇಳುತ್ತಾನೆ. ಕತ್ತಿಗಾದರೆ ಆತ ಮತ್ತೆ ಹದ ಹಿಡಿಸುತ್ತಾನೆ; ವೆಲ್ಡಿಂಗ್ ಅಂಗಡಿಯಲ್ಲಿ ಆ ಕೆಲಸ ನಡೆಯುವುದಿಲ್ಲ. ಒಂದು ಬದಿಯದು ಸೋತರೆ ಎರಡೂ ಬದಿಗೆ ಹೊಸದು ಹಾಕುವುದೇ ವಾಸಿ, ಇಲ್ಲದಿದ್ದರೆ ಗಾಡಿ ವಾಲುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಮನೆಯಲ್ಲಿ ಪಾನಾ ಹಿಡಿದವರ ತಲೆಗೆ ಕಟ್ಟುವುದು ಸರಿಯಲ್ಲ. ಬಿಡಿಭಾಗ ತಯಾರಿಸುವ ಕಂಪನಿಗಳು ಪಟ್ಟಿಯ ಜೊತೆಗೇ ಹೊಸ ಯು ಬೋಲ್ಟುಗಳನ್ನು ಕೊಡಲಿ. ಯಾವ ನಟ್ಟಿಗೆ ಎಷ್ಟು ಬಿಗಿತ, ಯಾವುದನ್ನು ಗಾಡಿ ಇಳಿಸಿದ ಮೇಲೆ ಬಿಗಿಯಬೇಕು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯಾವುದನ್ನು ಮತ್ತೆ ನೋಡಬೇಕು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿದ ಚೀಟಿಯೂ ಅದರೊಳಗಿರಲಿ.