ಕುಲ ತಿಳಿದರೆ ಗುಣ ತಿಳಿದಂತಲ್ಲ

ಬೆಲ್ಲವು ಹೊಂಬಣ್ಣ ತಾಳಲೆಂದು ಆಲೆಮನೆಯ ಕೊಪ್ಪರಿಗೆಗೆ ‘ಹೈಡ್ರೋಸ್’ ಎಂಬ ಬಿಳಿಯ ಪುಡಿಯನ್ನು ಸುರಿಯುವ ಅಭ್ಯಾಸ ಮಂಡ್ಯದ ಕಡೆಯವರಿಗೆ ಅಪರಿಚಿತವೇನಲ್ಲ. ಆ ಪುಡಿಯ ಗಂಧಕಾಂಶವು ಸಲ್ಫೈಟಿನ ರೂಪದಲ್ಲಿ ಬೆಲ್ಲದೊಡನೆ ನಮ್ಮ ಉದರವನ್ನು ಸೇರುವುದುಂಟು. ನಾವುಂಡ ಬೇಳೆಯ ಪ್ರೋಟೀನು ಜೀರ್ಣವಾಗಿ ವಿನಿಯೋಗವಾಗುವಾಗಲೂ ಅದೇ ಸಲ್ಫೈಟು ದೇಹದೊಳಗೆ ತಾನಾಗಿ ಜನಿಸುತ್ತದೆ. ಯಕೃತ್ತಿನ ಕಿಣ್ವವೊಂದು ಅದನ್ನು ಉತ್ಕರ್ಷಿಸಿ ನಿರುಪದ್ರವಿಯಾದ ಸಲ್ಫೇಟನ್ನಾಗಿಸುವುದರಿಂದ ನಾವು ಕ್ಷೇಮವಾಗಿದ್ದೇವೆ. ಆ ಕಿಣ್ವವಿಲ್ಲದೆ ಹುಟ್ಟಿದ ಶಿಶುವಿನ ಮೆದುಳು ಘಾಸಿಗೊಳ್ಳುವುದೆಂಬುದನ್ನು ವೈದ್ಯರು 1967ರಲ್ಲಿಯೇ ವರದಿ ಮಾಡಿದರು.

ಇದೇ ಕುಲದ ಕಿಣ್ವವೊಂದು ಮಣ್ಣಿನಲ್ಲಿ ವಾಸಿಸುವ ‘ಸ್ಟಾರ್ಕೀಯ ನೋವೆಲ್ಲ’ ಎಂಬ ಬ್ಯಾಕ್ಟೀರಿಯದಲ್ಲಿಯೂ ಇದೆ. ಆದರೆ ನಮಗೆ ವಿಷವಾದುದು ಅದಕ್ಕೆ ಅನ್ನ. 2000ದಲ್ಲಿ ಆ ಕಿಣ್ವವನ್ನು ಶುದ್ಧೀಕರಿಸಿ ಪರೀಕ್ಷಿಸಿದ ಸಂಶೋಧಕರ ಕ್ರಮ ನೋಡಲು ಸರಳವಾದುದು. ಕುದುರೆಯ ಹೃದಯದಿಂದ ತೆಗೆದ ಸೈಟೋಕ್ರೋಮ್ ಎಂಬ ಕೆಂಪು ಪ್ರೋಟೀನಿನ ದ್ರಾವಣಕ್ಕೆ ಕಿಣ್ವವನ್ನೂ ಒಂದು ತೊಟ್ಟು ಸಲ್ಫೈಟನ್ನೂ ಸೇರಿಸಿದರೆ, ಎಲೆಕ್ಟ್ರಾನುಗಳನ್ನು ಪಡೆದಂತೆಲ್ಲ ಆ ದ್ರಾವಣದ ಕೆಂಪು ಗುಲಾಬಿಯತ್ತ ತಿರುಗುತ್ತದೆ. ಬಣ್ಣವೇರುವ ವೇಗವೇ ಕಿಣ್ವದ ವೇಗ. ಹೀಗೆ ಅಳೆದಾಗ ಬೆಳಕಿಗೆ ಬಂದುದೇನೆಂದರೆ, ಯಕೃತ್ತಿನ ಕಿಣ್ವವು ಎಲೆಕ್ಟ್ರಾನನ್ನು ಆಮ್ಲಜನಕಕ್ಕೂ ಒಪ್ಪಿಸಬಲ್ಲುದಾದರೆ, ಇದು ಆಮ್ಲಜನಕದ ಕಡೆ ತಿರುಗಿಯೂ ನೋಡದು. 2005ರಲ್ಲಿ ಇದರ ಆಕಾರವೂ ಗೋಚರಿಸಿತು. ಕೋಳಿಯ ಯಕೃತ್ತಿನ ಕಿಣ್ವದಲ್ಲಿ ಮಾಲಿಬ್ಡಿನಂ ಲೋಹಕ್ಕೂ ಹೀಮಿನ ಕಬ್ಬಿಣಕ್ಕೂ ನಡುವೆ 32 ಆಂಗ್‌ಸ್ಟ್ರಾಂಗಳಷ್ಟು ಅಂತರವಿದ್ದು, ಹೀಮ್ ಇರುವ ಭಾಗವು ಬಾಗುವ ಕೊಂಡಿಯೊಂದಕ್ಕೆ ಜೋತುಬಿದ್ದಿದ್ದರೆ, ಇಲ್ಲಿ ಆ ಅಂತರ ಸುಮಾರು 17. ಎರಡು ಭಾಗಗಳೂ ಒಂದಕ್ಕೊಂದು ಬಿಗಿಯಾಗಿ ಆತುಕೊಂಡಿವೆ.

ಈಗಿನ ಕಾಲದಲ್ಲಿ ಜೀವಿಯೊಂದರ ವಂಶಲಿಪಿಯನ್ನು ಅಲ್ಪಾವಧಿಯಲ್ಲಿ ಓದಿಬಿಡಬಹುದು. ಯಾವ ಜೀನು ಯಾವ ಕುಲಕ್ಕೆ ಸೇರಿದುದೆಂದು ಗಣಕಯಂತ್ರವೇ ಹೋಲಿಕೆಯಿಂದ ಹೇಳಿಬಿಡುತ್ತದೆ. ಈ ಅನುಕೂಲವನ್ನು ಅಲ್ಲಗಳೆಯುವುದು ಮೂರ್ಖತನವಾದೀತು. ಎಲ್ಲಿ ಅರಸಬೇಕೆಂಬುದನ್ನು ತಿಳಿಸುವ ದಾರಿದೀಪ ಅದು. ಆದರೆ ಹೋಲಿಕೆಯಿಂದ ಹುಟ್ಟಿದ ಊಹೆಯನ್ನೇ ಜ್ಞಾನವೆಂದು ಸ್ವೀಕರಿಸಿ, ಒಂದೇ ಕಿಣ್ವದ ಮುಂದೆ ವರ್ಷಗಟ್ಟಲೆ ಕುಳಿತು ಅಳೆಯುವವನನ್ನು ಹಳೆಯ ಕಾಲದವನೆಂದು ಬದಿಗೊತ್ತುವ ಮನೋಭಾವವು ವಿದ್ಯಾಸಂಸ್ಥೆಗಳಿಗೆ ಶ್ರೇಯಸ್ಕರವಲ್ಲ. ಆಮ್ಲಜನಕದ ಮೇಲಣ ಆ ವೈರಾಗ್ಯವನ್ನು ಕುಲನಾಮವು ಹೇಳಲಿಲ್ಲ, ಪರೀಕ್ಷಾಪಾತ್ರೆ ಹೇಳಿತು. ವಂಶಲಿಪಿ ಓದುವ ಯಂತ್ರಕ್ಕೆ ಹಣ ಕೊಡುವ ವಿಶ್ವವಿದ್ಯಾನಿಲಯವು ಈ ನಿಧಾನದ ಕೆಲಸಕ್ಕೂ ಹಣವನ್ನೂ ಕಾಲಾವಕಾಶವನ್ನೂ ತೆಗೆದಿರಿಸಬೇಕು.

ಆಲೆಮನೆಯ ಅನುಭವಿಯು ಕಬ್ಬಿನ ತಳಿಯ ಹೆಸರು ಕೇಳಿ ಕೊಪ್ಪರಿಗೆಯನ್ನು ಇಳಿಸುವುದಿಲ್ಲ; ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉಂಡೆ ಕಟ್ಟಿ ನೋಡಿದ ಬಳಿಕವೇ ಇಳಿಸುತ್ತಾನೆ.